ಜೀಪಿಗೆ ಏನೇನು ಹಾಕಿಸಿದೆ, ಏನೇನು ಬಿಚ್ಚಿಸಿದೆ

ಜೀಪು ಮನೆಗೆ ಬಂದ ದಿನ ಅಮ್ಮ ಆರತಿ ಎತ್ತಿದರು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಒಂದು ರೌಂಡು ಹೋಗಿ ಬರೋಣ ಅಂತ ಬಾಗಿಲು ತೆಗೆದರು. ಒಂದು ಕಾಲು ಎತ್ತಿದರು. ಇಳಿಸಿದರು. ನೆರಿಗೆ ಮೇಲೆತ್ತಿ ಹಿಡಿದು ಇನ್ನೊಂದು ಸಲ ನೋಡಿದರು. ಮತ್ತೆ ಇಳಿಸಿದರು.

"ಇದನ್ನ ಹತ್ತೋಕೆ ಏಣಿ ಕೊಡ್ತಾರಾ ಅಂತ ಕೇಳಿದ್ಯಾ?" ಅಂದರು.

ಕೇಳಿರಲಿಲ್ಲ. ಉಳಿದದ್ದೆಲ್ಲ ಕೇಳಿದ್ದೆ. ಗ್ರೌಂಡ್ ಕ್ಲಿಯರೆನ್ಸ್ 226 ಮಿಲಿಮೀಟರ್. 650 ಮಿಲಿಮೀಟರ್ ಆಳದ ನೀರಿಗೆ ಇಳಿಯಬಹುದು. 2.2 ಲೀಟರ್ ಡೀಸೆಲ್, 300 ನ್ಯೂಟನ್ ಮೀಟರ್ ಟಾರ್ಕ್. ಎಲ್ಲ ಬಾಯಿಪಾಠ ಆಗಿತ್ತು. 74 ವರ್ಷದ, ಎರಡೂ ಮಂಡಿ ನೋಯುವ ಹೆಂಗಸು ಸೀರೆ ಉಟ್ಟುಕೊಂಡು ಹೇಗೆ ಹತ್ತಬೇಕು ಅನ್ನೋದು ಮಾತ್ರ ತಲೆಗೇ ಬಂದಿರಲಿಲ್ಲ.

ನಮ್ಮದು ಮೂಡಿಗೆರೆ ಕಡೆ. 18 ಎಕರೆ ತೋಟ. ರೊಬಸ್ಟಾ ಜಾಸ್ತಿ, ಮೇಲಿನ ತುಂಡಿನಲ್ಲಿ ಸ್ವಲ್ಪ ಅರೇಬಿಕಾ, ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ. ಅಪ್ಪ ಹೋದ ಮೇಲೆ ಬೆಂಗಳೂರಿನ ಟೀಚರ್ ಕೆಲಸ ಬಿಟ್ಟು ನಾನು ವಾಪಸ್ ಬಂದೆ. ಮನೆಯಿಂದ ಟಾರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಧ್ಯೆ ಒಂದು ಹಳ್ಳ, ಒಂದು ಕಡಿದಾದ ಏರು. ಬೇಸಿಗೆಯಲ್ಲಿ ಯಾವ ಕಾರಾದರೂ ಬರುತ್ತದೆ. ಜೂನ್ ಆದ ಮೇಲೆ ಬರುವ ಗಾಡಿಗಳು ಬೇರೆ. ನಾನು ತೆಗೆದುಕೊಂಡಿದ್ದು ಮಹೀಂದ್ರಾ ಥಾರ್, ಮೂರು ಬಾಗಿಲಿನದು, ಮ್ಯಾನುವಲ್ ಗೇರು, 16 ಇಂಚಿನ ಚಕ್ರ. ಆದರೆ ನಮ್ಮ ಕಡೆ ಅದನ್ನು ಥಾರ್ ಅಂತ ಕರೆಯೋರು ಹುಡುಗರು ಮಾತ್ರ. ವಿಲ್ಲಿಸ್, ಎಂಎಂ 540, ಮೇಜರ್, ಕಮಾಂಡರ್, ಎಲ್ಲವೂ ಇಲ್ಲಿ 'ಜೀಪು'. ಹಾಗಾಗಿ ಇದೂ ಜೀಪೇ.

ಅಪ್ಪನ ಹತ್ತಿರ ಎಂಎಂ 540 ಇತ್ತು. ಅದಕ್ಕೆ ಬಾಗಿಲು ಇರಲಿಲ್ಲ, ಮಳೆಗಾಲದಲ್ಲಿ ಟಾರ್ಪಾಲಿನ ಪರದೆ. ಫೋರ್ ವೀಲ್ ಹಾಕಬೇಕೆಂದರೆ, ಅಂದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗಬೇಕೆಂದರೆ, ಇಳಿದು, ಕೆಸರಿನಲ್ಲಿ ಕೂತು, ಮುಂದಿನ ಎರಡೂ ಚಕ್ರದ ಹಬ್ ಕೈಯಲ್ಲಿ ತಿರುಗಿಸಬೇಕಿತ್ತು. ಆ ಕೆಲಸ ನನ್ನದು. ಎರಡು ಸಲ ತಿರುಗಿಸಿ ಬರುವಷ್ಟರಲ್ಲಿ ಕಾಲಿಗೆ ಹತ್ತು ಇಂಬಳ. ಆ ಜೀಪಿಗೆ ಅಪ್ಪ ಒಂದೇ ಒಂದು ಮಾಡಿಫಿಕೇಶನ್ ಮಾಡಿಸಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪರ್‌ನ ಕಬ್ಬಿಣದ ಪಟ್ಟಿ ಬಗ್ಗಿಸಿ, ಎಡಗಡೆ ಒಂದು ಮೆಟ್ಟಿಲು ವೆಲ್ಡ್ ಮಾಡಿಸಿದ್ದರು. ಅದು ಅಮ್ಮನಿಗೆ ಅಂತ ನನಗೆ ಗೊತ್ತಾಗಿದ್ದು ಈಗ, ನಲವತ್ತು ದಾಟಿದ ಮೇಲೆ.

ಆದ್ದರಿಂದ ಮೊದಲು ಹಾಕಿಸಿದ್ದು ಸೈಡ್ ಸ್ಟೆಪ್. ಕಪ್ಪು ಬಣ್ಣದ ಕಬ್ಬಿಣದ ಕೊಳವೆ, ನೋಡೋಕೆ ಚೆನ್ನಾಗಿತ್ತು. ಅಮ್ಮ ಅದರ ಮೇಲೆ ಕಾಲಿಟ್ಟು ಹತ್ತಿದರು. ಎಲ್ಲರೂ ಖುಷಿ. ಒಂಬತ್ತನೇ ದಿನ ಏರಿನ ತಿರುವಿನಲ್ಲಿ ಒಂದು ಬಂಡೆ ಆ ಕೊಳವೆಯನ್ನು ಬಾಗಿಲಿನ ಕಡೆಗೆ ಮಡಚಿತು. ಎಡಗಡೆ ಬಾಗಿಲು ಅರ್ಧಕ್ಕೆ ನಿಂತಿತು. ಯೋಚನೆ ಮಾಡಿದರೆ ತಪ್ಪು ಬಂಡೆಯದಲ್ಲ. ನೆಲದಿಂದ ಗಾಡಿ ಎತ್ತರ ಇರಲಿ ಅಂತ ದುಡ್ಡು ಕೊಟ್ಟು ತಂದವಳು ನಾನು. ಆಮೇಲೆ ಇನ್ನಷ್ಟು ದುಡ್ಡು ಕೊಟ್ಟು ಅದೇ ಎತ್ತರವನ್ನು ಎರಡೂ ಪಕ್ಕದಲ್ಲಿ ತಗ್ಗಿಸಿದವಳೂ ನಾನೇ.

ಸ್ಟೆಪ್ ಬಿಚ್ಚಿಸಿ ಮನೆಗೆ ಬಂದಾಗ ನಮ್ಮ ರೈಟರ್ ಜಗಲಿಯಲ್ಲಿ ಕೂತಿದ್ದರು. ಹೊರಗಿನವರಿಗೆ ಹೇಳಬೇಕು, ಕಾಫಿ ತೋಟದಲ್ಲಿ ರೈಟರ್ ಅಂದರೆ ಕಥೆ ಬರೆಯೋರಲ್ಲ. ಆಳುಗಳ ಹಾಜರಿ, ಲೆಕ್ಕ, ಕೆಲಸ ಎಲ್ಲ ನೋಡಿಕೊಳ್ಳೋರು. ಇವರು ಅಪ್ಪನ ಕಾಲದವರು. ಮಡಚಿದ ಕೊಳವೆ ನೋಡಿದರು, ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಒಂದು ಮಣೆ ತಂದರು. ಹಲಸಿನ ಹಲಗೆ, ಒಂದಡಿ ಎತ್ತರ, ನಾಲ್ಕು ಗಟ್ಟಿ ಕಾಲು. ಒಂದು ಮೂಲೆಗೆ ತೂತು ಕೊರೆದು, ನೈಲಾನ್ ಹಗ್ಗ ಕಟ್ಟಿದ್ದರು.

"ಅಕ್ಕಾ, ಅಮ್ಮಾವ್ರು ಇದರ ಮೇಲೆ ಕಾಲಿಟ್ಟು ಹತ್ತಲಿ. ಕೂತ ಮೇಲೆ ಹಗ್ಗ ಎಳ್ಕಳ್ಳಲಿ. ಇಳಿಯೋವಾಗ ಕೆಳಗೆ ಬಿಡಲಿ."

ಅಷ್ಟೇ. ಅಮ್ಮ ಈಗ ಬಾವಿಯಿಂದ ಕೊಡ ಸೇದಿದ ಹಾಗೆ ಮಣೆ ಎಳೆದುಕೊಳ್ಳುತ್ತಾರೆ. ಮೂಡಿಗೆರೆ ಪೇಟೆಯಲ್ಲಿ ಜನ ನಿಂತು ನೋಡುತ್ತಾರೆ. ಒಬ್ಬ ಹುಡುಗ ವಿಡಿಯೋ ಮಾಡಿದ. ಅಮ್ಮನಿಗೆ ಅದರಲ್ಲಿ ಸಣ್ಣ ಹೆಮ್ಮೆ ಬೇರೆ.

ಇನ್ನು ಕೆಸರಿನ ವಿಷಯ. ನಮ್ಮಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟಿನ ಲೆಕ್ಕದಲ್ಲೇ ಬರೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟು. ಬೆಳಿಗ್ಗೆ ಫೋನ್ ಮಾಡಿದರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟು?" ಅಂತ. ಮೊದಲ ಮಳೆಗಾಲದ ಆ ದಿನ ನಮ್ಮಲ್ಲಿ 4 ಇಂಚು 60 ಸೆಂಟು. ಏರು ಬೆಣ್ಣೆಯ ಹಾಗೆ ಆಗಿತ್ತು. ನಾನು ಫೋರ್ ವೀಲ್ ಹಾಕಿ, ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ಜೀಪು ಅರ್ಧ ಏರಿ, ಪಕ್ಕಕ್ಕೆ ಜಾರಿ, ಚರಂಡಿಗೆ ಎರಡು ಚಕ್ರ ಇಳಿಸಿ ನಿಂತಿತು. ಹೊಸ ಜೀಪು, ಸ್ವಂತ ತೋಟ, ಮನೆಯಿಂದ 600 ಮೀಟರ್.

ಪಕ್ಕದ ತೋಟದ ಚಿಕ್ಕಪ್ಪ ಟ್ರ್ಯಾಕ್ಟರ್ ತಂದರು. ರಕ್ತ ಸಂಬಂಧದ ಚಿಕ್ಕಪ್ಪ ಅಲ್ಲ, ಊರಿನ ಚಿಕ್ಕಪ್ಪ. ಕೊಪ್ಪೆ ಹಾಕಿಕೊಂಡು ಇಳಿದವರು ಹಗ್ಗ ಕಟ್ಟಲಿಲ್ಲ. ಬಗ್ಗಿ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಎಷ್ಟು ಪೌಂಡ್ ಗಾಳಿ ಇದೆ ಮಗಾ?"

"32, ಚಿಕ್ಕಪ್ಪ."

"ಇದೇನು ಹಾಸನದ ಹೈವೇನಾ?"

ನಾಲ್ಕೂ ಟೈರಿನಿಂದ ಗಾಳಿ ಬಿಡಿಸಿದರು. 18ಕ್ಕೆ ಇಳಿಸಿದೆವು. ಕೊರೆಯುವ ಮಳೆಯಲ್ಲಿ ಅಳತೆ ನೋಡುತ್ತ ಹತ್ತು ನಿಮಿಷ. ಆಮೇಲೆ ಫೋರ್ ಲೋ, ಅಂದರೆ ನಾಲ್ಕೂ ಚಕ್ರವನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರು ಹಾಕಿ, ಎರಡನೇ ಗೇರಿನಲ್ಲಿ, "ಕಾಲು ಒತ್ತಬೇಡ, ಸುಮ್ನೆ ಕ್ಲಚ್ ಬಿಡು" ಅಂದರು. ಜೀಪು ಎಮ್ಮೆ ಕೊಳದಿಂದ ಎದ್ದ ಹಾಗೆ ನಿಧಾನವಾಗಿ ಎದ್ದು ಬಂತು. ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವ ಕೆಲಸವೇ ಬರಲಿಲ್ಲ.

ಗಾಳಿ ಕಡಿಮೆ ಮಾಡಿದರೆ ಟೈರು ಅಗಲ ಆಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಗಲಕ್ಕಿಂತ ಉದ್ದ ಆಗುವುದು ಜಾಸ್ತಿ. ನೆಲಕ್ಕೆ ತಾಗುವ ಪಾದ ಹಿಂದೆ ಮುಂದೆ ಚಾಚಿಕೊಳ್ಳುತ್ತದೆ. ಭಾರ ಹಂಚಿಹೋಗುತ್ತದೆ, ಹಿಡಿತ ಬರುತ್ತದೆ. ರಬ್ಬರು ಮೆತ್ತಗಾಗಿ ಕಲ್ಲಿನ ಮೇಲೆ ಕೈಯಿಟ್ಟ ಹಾಗೆ ಕೂರುತ್ತದೆ. 15ಕ್ಕಿಂತ ಕೆಳಗೆ ಹೋಗಿ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಹಾಗಾಗಿ ನನ್ನ ಗೆರೆ 18. ಟಾರು ರಸ್ತೆ ಸಿಕ್ಕಿದ ಕೂಡಲೇ ಮತ್ತೆ ತುಂಬಿಸಬೇಕು. ಗಾಳಿ ಕಡಿಮೆ ಇಟ್ಟುಕೊಂಡು ವೇಗವಾಗಿ ಹೋದರೆ ಟೈರು ಕಾದು ಹಾಳಾಗುತ್ತದೆ. ಬ್ಯಾಟರಿಗೆ ಸಿಕ್ಕಿಸುವ ಒಂದು ಸಣ್ಣ ಕಂಪ್ರೆಸರ್ ತಂದೆ. ನಾಲ್ಕು ಚಕ್ರಕ್ಕೆ ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಅಂಗಡಿ ಚಹಾ ಕುಡಿಯಬಹುದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ ಆಗುತ್ತಿದ್ದೆ. ಆದರೆ ನನಗೊಬ್ಬ ತಮ್ಮ ಇದ್ದಾನೆ.

ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಶನಿವಾರ ಭಾನುವಾರ ಆಫ್‌ರೋಡ್ ಮಾಡುವ ಗೆಳೆಯರ ಗುಂಪು ಇದೆ. ಅವನ ಪ್ರಕಾರ ಷೋರೂಮಿನಿಂದ ಬಂದ ಜೀಪು ಅಂದರೆ ಉಪ್ಪು ಖಾರ ಹಾಕದ ಸಾರು. "ಅಕ್ಕ, ಮೂವತ್ಮೂರು ಇಂಚಿನ ಟೈರ್ ಹಾಕಿಸು. ಆಮೇಲೆ ನೋಡು." ಅವನ ಗೆಳೆಯರೊಬ್ಬರ ಹತ್ತಿರ ಅರ್ಧ ಸವೆದ ಸೆಟ್ಟು ಇತ್ತು. 285/75 ಆರ್ 16, ಮಡ್ ಟೆರೇನ್, ಅಂದರೆ ಕೆಸರಿಗೆಂದೇ ಮಾಡಿದ್ದು. ಅರ್ಧ ಬೆಲೆಗೆ ಸಿಕ್ಕಿತು. ಹಾಕಿಸಿದೆ.

ನೋಡೋಕೆ ಅದ್ಭುತ. ಸುಳ್ಳು ಹೇಳಬಾರದು, ಮೊದಲ ವಾರ ನಾನು ಕಾರಣವಿಲ್ಲದೆ ಪೇಟೆಗೆ ಹೋಗಿ ಬಂದೆ.

ಆಮೇಲೆ ಒಂದೊಂದಾಗಿ ಶುರುವಾಯಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜುವ ಸದ್ದು. ಮೊದಲನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಈಗ ಕ್ಲಚ್ ವಾಸನೆ. ಟಾರು ರಸ್ತೆಯಲ್ಲಿ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ ಗುಂಯ್ ಅನ್ನುವ ಶಬ್ದ, ಅಮ್ಮನ ಜೊತೆ ಮಾತಾಡಬೇಕೆಂದರೆ ಕೂಗಬೇಕು. ಸ್ಟೆಪ್ನಿ ಹಿಂದಿನ ಬಾಗಿಲಿಗೆ ನೇತಾಡುತ್ತದಲ್ವಾ, ಅದೂ ಈ ದೊಡ್ಡ ಟೈರೇ. ಮೂರು ತಿಂಗಳಲ್ಲಿ ಬಾಗಿಲು ತೂಕಕ್ಕೆ ಜಗ್ಗಿ, ಮುಚ್ಚುವಾಗ ಎತ್ತಿ ಹಿಡಿದು ಮುಚ್ಚಬೇಕಾಯಿತು. ಮೈಲೇಜು ನನ್ನ ಡೈರಿಯ ಲೆಕ್ಕದಲ್ಲಿ 12.5ರಿಂದ 10ಕ್ಕೆ ಇಳಿಯಿತು.

ಒಂದು ಸಂಜೆ ಕರೆಂಟ್ ಇಲ್ಲದೆ ಕೂತಿದ್ದಾಗ ಟೀಚರ್ ಬುದ್ಧಿ ಜಾಗೃತವಾಯಿತು. ಮಕ್ಕಳಿಗೆ ಹೇಳಿಕೊಟ್ಟಿದ್ದ ಲೆಕ್ಕವನ್ನು ನಾನೇ ಮಾಡಲಿಲ್ಲವಲ್ಲ ಅಂತ ಕಾಗದ ತೆಗೆದೆ. ಜೀಪಿನ ಮೂಲ ಟೈರು 245/75 ಆರ್ 16. ಅಂದರೆ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 75 ಪರ್ಸೆಂಟ್, ರಿಮ್ಮು 16 ಇಂಚು. ಎರಡು ಗೋಡೆ, ಒಂದು ರಿಮ್ಮು ಕೂಡಿಸಿದರೆ ಒಟ್ಟು ಎತ್ತರ ಸುಮಾರು 774 ಮಿಲಿಮೀಟರ್. ದೊಡ್ಡ ಟೈರಿನದು ಸುಮಾರು 834. ವ್ಯತ್ಯಾಸ 60. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ. ಹಾಗಾಗಿ ಗಾಡಿ ಮೇಲೇರುವುದು ಅದರ ಅರ್ಧ, 30 ಮಿಲಿಮೀಟರ್. ಒಂದು ಬೆಂಕಿಪೊಟ್ಟಣವನ್ನು ಅಡ್ಡ ನಿಲ್ಲಿಸಿದಷ್ಟು! ಅಷ್ಟಕ್ಕೆ ಇಷ್ಟು ಕಷ್ಟ.

ಇನ್ನೊಂದು ಲೆಕ್ಕ ಹೆದರಿಸಿತು. ಚಕ್ರ ಒಂದು ಸುತ್ತಿಗೆ ಸುಮಾರು 8 ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಿಲ್ಲ. ಮೀಟರ್ 80 ತೋರಿಸುವಾಗ ನಾನು 86ರಲ್ಲಿ ಇರುತ್ತಿದ್ದೆ. ಇಳಿಜಾರಿನಲ್ಲೂ ಹಾಗೆಯೇ, ಎಂಜಿನ್ ಹಿಡಿದು ನಿಲ್ಲಿಸುವ ಶಕ್ತಿ ಅಷ್ಟೇ ಕಡಿಮೆ. ನಮ್ಮ ದಾರಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ" ಅಂತ ಅಪ್ಪ ಹೇಳಿಕೊಟ್ಟಿದ್ದರು. ದೊಡ್ಡ ಟೈರು ಹಾಕಿದ ಮೇಲೆ ಆ ಗೇರೇ ಬೇರೆ ಆಗಿಬಿಟ್ಟಿತ್ತು.

ಮಾರಿದೆ. ಕೊಂಡವನಿಗೂ ಒಂದು ಥಾರ್, ಅವನಿಗೂ ಮೊದಲ ವಾರದ ಸಂತೋಷ ಸಿಕ್ಕಿರಬೇಕು. ನಾನು ಮೂಲ ಸೈಜೇ ತೆಗೆದುಕೊಂಡೆ, 245/75 ಆರ್ 16. ಆದರೆ ಆಲ್ ಟೆರೇನ್, ಗೆರೆಗಳ ನಡುವೆ ಸಂದು ಜಾಸ್ತಿ ಇರುವುದು. ಸಂದು ಇದ್ದರೆ ಮೆತ್ತಿದ ಕೆಸರು ಉದುರುತ್ತದೆ, ಇಲ್ಲದಿದ್ದರೆ ಟೈರು ಮಣ್ಣಿನ ಉಂಡೆ ಆಗಿ ಸುಮ್ನೆ ತಿರುಗುತ್ತದೆ. ಮಡ್ ಟೆರೇನ್‌ನಷ್ಟು ಇದು ಕೆಸರಿಗೆ ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಒದ್ದೆ ಟಾರು ರಸ್ತೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲುತ್ತದೆ. ನಾನು ದಿನಾ ಓಡಾಡುವುದು ಎರಡೂವರೆ ಕಿಲೋಮೀಟರ್ ಕೆಸರು, ಮೂವತ್ತು ಕಿಲೋಮೀಟರ್ ಟಾರು. ಲೆಕ್ಕ ಅಲ್ಲೇ ಮುಗಿಯಿತು.

ತಮ್ಮನ ಎರಡನೇ ಉಡುಗೊರೆ ಎಲ್‌ಇಡಿ ಬಾರ್. ಚಾವಣಿಯ ಮುಂದಿನ ಅಂಚಿಗೆ, ಉದ್ದಕ್ಕೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಹಾಕಿಸಿಕೊಟ್ಟ. ಅಂಗಡಿ ಹೆಸರು ಬೇಡ. ಮೊದಲ ರಾತ್ರಿ ತೋಟದಲ್ಲಿ ಹಾಕಿದಾಗ ಹಗಲಾಯಿತು. ಆಳುಗಳ ಲೈನ್ ಮನೆಯ ನಾಯಿಗಳೆಲ್ಲ ಎದ್ದು ಬೊಗಳಿದವು. ಆಮೇಲೆ ಜುಲೈ ಬಂತು, ಮಂಜು ಬಂತು. ಮಂಜಿನಲ್ಲಿ ಆ ಬಾರ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಬೆಳಕು ನಮ್ಮ ಕಣ್ಣಿನ ಮೇಲಿಂದ ಹೊರಟು ಮಂಜಿಗೆ ಬಡಿದು ನೇರ ಕಣ್ಣಿಗೇ ವಾಪಸ್ ಬರುತ್ತದೆ. ಬಂಪರಿನ ಎತ್ತರದಲ್ಲಿ ಇರುವ ಫಾಗ್ ಲ್ಯಾಂಪು ಮಂಜಿನ ಕೆಳಗೆ ನುಸುಳಿ ರಸ್ತೆಯ ಅಂಚು ತೋರಿಸುತ್ತದೆ. ಮಲೆನಾಡಿನವಳಾಗಿ ಇದು ಗೊತ್ತಿರಬೇಕಿತ್ತು.

ಅದಕ್ಕಿಂತ ದೊಡ್ಡ ಪಾಠ ಆಗಸ್ಟಿನಲ್ಲಿ ಬಂತು. ರಾತ್ರಿ ಒಂಬತ್ತಕ್ಕೆ ಪೇಟೆಯಿಂದ ಬರುತ್ತಿದ್ದೆ. ಹಳ್ಳದ ಹತ್ತಿರ ಬಾಗಿಲಿನೊಳಗೆ ಏನೋ ಸುಟ್ಟ ವಾಸನೆ. ಫ್ಯೂಸ್ ಹೋಯಿತು. ಬಾರ್ ಮಾತ್ರ ಅಲ್ಲ, ಹೆಡ್‌ಲೈಟೂ ಆರಿತು. ಅಂಗಡಿಯವರು ರಿಲೇ ಹಾಕದೆ, ಬೇರೆ ಫ್ಯೂಸ್ ಕೊಡದೆ, ಇದ್ದ ವೈರನ್ನೇ ಕತ್ತರಿಸಿ ಜೋಡಿಸಿ ಟೇಪು ಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು ಒಂದೇ. ಆ ವಾರ ಪಕ್ಕದ ತೋಟಕ್ಕೆ ಆನೆ ಬಂದಿತ್ತು. ಬೈನೆ ಮರ ಮುರಿದು ಹಾಕಿತ್ತು. ನಾನು ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಗಾಜಿಗೆ ಒತ್ತಿ ಹಿಡಿದು, ಫೋರ್ ಲೋ ಒಂದನೇ ಗೇರಿನಲ್ಲಿ, ಮನುಷ್ಯ ನಡೆಯುವಷ್ಟು ನಿಧಾನವಾಗಿ ಮನೆ ಸೇರಿದೆ. ಆನೆ ಇರಲಿಲ್ಲ. ಇದ್ದರೂ ನನಗೆ ಕಾಣುತ್ತಿರಲಿಲ್ಲ.

ಮರುದಿನ ಮೂಡಿಗೆರೆಯ ನಮ್ಮ ಮೆಕ್ಯಾನಿಕ್ ಅಣ್ಣ ಟೇಪು ಬಿಚ್ಚಿ ನೋಡಿ, ತಲೆ ಅಲ್ಲಾಡಿಸಿ, "ಅಕ್ಕಾ, ಇದು ಮದುವೆ ಚಪ್ಪರದ ವೈರಿಂಗ್" ಅಂದರು. ಬಾರ್ ಈಗ ಕಾಫಿ ಕಣದ ಶೆಡ್ಡಿನಲ್ಲಿದೆ. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ಅಳೆಯುವಾಗ ಹಳೆಯ ಬ್ಯಾಟರಿಗೆ ಸಿಕ್ಕಿಸಿ ಉರಿಸುತ್ತೇವೆ. ಅಲ್ಲಿ ತುಂಬ ಚೆನ್ನಾಗಿದೆ.

ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸು ಅಂತ ಹೇಳದವರು ಯಾರೂ ಇಲ್ಲ. ಹಾಕಿಸಲಿಲ್ಲ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಮುಂಭಾಗ ಕುಗ್ಗಬೇಕು, ಏರ್‌ಬ್ಯಾಗು ಸರಿಯಾದ ಹೊತ್ತಿಗೆ ಬಿಚ್ಚಬೇಕು, ದಾರಿಯಲ್ಲಿ ನಡೆಯುವವನಿಗೂ ಜೀವ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ದಂಡ ಒಂದೊಂದು ಬದಲಾವಣೆಗೆ 5000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ದೊಡ್ಡ ಟೈರು ಹಾಕಿಸಿದಾಗ ನಾನು ಇದನ್ನೆಲ್ಲ ಓದಿರಲಿಲ್ಲ. ಓದಿದ ಮೇಲೆ ತಮ್ಮನಿಗೆ ಕಳಿಸಿದೆ. ಅವನು ನಗುವ ಇಮೋಜಿ ಕಳಿಸಿದ.

ಸ್ನಾರ್ಕೆಲ್ ಬಗ್ಗೆಯೂ ಜಗಳ ಆಯಿತು. ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಚಾವಣಿಯವರೆಗೆ ಏರಿಸುವ ಕೊಳವೆ ಅದು. ಎಂಜಿನ್‌ಗೆ ನೀರು ಹೋಗದಿರಬಹುದು, ಆದರೆ ನಮ್ಮ ಹಳ್ಳ ಕೆರೆಯಲ್ಲ. ಓಡುವ ನೀರು. ಮಂಡಿಯ ಮೇಲೆ ಬಂದರೆ ಗಾಡಿಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಅಪ್ಪ ಹಳ್ಳದ ಪಕ್ಕದಲ್ಲಿ ಒಂದು ಕಲ್ಲುಕಂಬ ನೆಟ್ಟು ಕೆಂಪು ಗೆರೆ ಎಳೆದಿದ್ದರು. ಗೆರೆ ಮುಳುಗಿದರೆ ಅವತ್ತು ಪೇಟೆ ಇಲ್ಲ. ಹೊಸ ಜೀಪು ಬಂದ ಮೇಲೆ ಕುತೂಹಲಕ್ಕೆ ಅಳೆದೆ. ಗೆರೆ ದಾರಿಯಿಂದ 450 ಮಿಲಿಮೀಟರ್ ಮೇಲಿದೆ. ಕಂಪನಿ 650 ಅನ್ನುತ್ತದೆ. ಅದು ನಿಂತ ನೀರಿಗೆ ಸರಿ. ನಾನು ಗೆರೆಯನ್ನು ಮೇಲೆ ಸರಿಸಲಿಲ್ಲ, ಹೊಸ ಪೇಂಟು ಹೊಡೆಸಿದೆ ಅಷ್ಟೆ.

ಆದರೆ ಹಳ್ಳದ ವಿಷಯದಲ್ಲಿ ಮೆಕ್ಯಾನಿಕ್ ಅಣ್ಣ ಒಂದು ಒಳ್ಳೆಯ ಕೆಲಸ ಹೇಳಿಕೊಟ್ಟರು. ಆಕ್ಸಲ್‌ಗೆ ಒಂದು ಉಸಿರಿನ ಕೊಳವೆ ಇರುತ್ತದೆ, ಬ್ರೀದರ್ ಅಂತಾರೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಆ ಕೊಳವೆಯ ಬಾಯಿ ನೀರಿನಲ್ಲಿದ್ದರೆ ಅಥವಾ ಕೆಸರು ಮೆತ್ತಿ ಮುಚ್ಚಿದ್ದರೆ, ಸಿಕ್ಕಿದ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಅಂತ ಅರ್ಥ. ಹಾಗಾಗಿ ತಿಂಗಳಿಗೊಮ್ಮೆ ಆ ಬಾಯಿ ಒರೆಸುವುದು, ಮಳೆಗಾಲ ಮುಗಿದ ಮೇಲೆ ಒಮ್ಮೆ ಆಯಿಲ್ ನೋಡಿಸುವುದು. ಖರ್ಚು ಇಲ್ಲವೇ ಇಲ್ಲ. ಫೋಟೋ ಹಾಕಿದರೆ ಯಾರೂ ಲೈಕ್ ಮಾಡುವುದಿಲ್ಲ.

ಹಿಂದುಗಡೆ ಒಂದು ಗೋಣಿಚೀಲ ಯಾವಾಗಲೂ ಇರುತ್ತದೆ. ಅದರೊಳಗೆ ಎಳೆಯುವ ಹಗ್ಗ, ಹಗ್ಗ ಸಿಕ್ಕಿಸುವ ಎರಡು ಡಿ ಶ್ಯಾಕಲ್, ಸರಪಳಿಯಿಂದ ಭಾರ ಎಳೆಯುವ ಒಂದು ಚೈನ್ ಬ್ಲಾಕ್, ಮಚ್ಚು. ಮೋಟಾರಿನಿಂದ ಹಗ್ಗ ಸುತ್ತಿ ಎಳೆಯುವ ವಿಂಚ್ ಇಲ್ಲ. ಜುಲೈ ಗಾಳಿಗೆ ಸಿಲ್ವರ್ ಮರ ದಾರಿಗೆ ಬಿದ್ದರೆ ಕತ್ತರಿಸಿ, ತುಂಡನ್ನು ಚೈನ್ ಬ್ಲಾಕ್ ಹಾಕಿ ಸರಿಸುತ್ತೇವೆ. ಜೀಪಿನಿಂದ ಏನಾದರೂ ಎಳೆಯುವಾಗ ಹಗ್ಗದ ನಡುವೆ ಒದ್ದೆ ಮಾಡಿದ ಅದೇ ಗೋಣಿಚೀಲ ಹಾಕುತ್ತೇನೆ. ಹಗ್ಗ ತುಂಡಾದರೆ ಆ ಭಾರಕ್ಕೆ ನೆಲಕ್ಕೆ ಬೀಳುತ್ತದೆ, ಇಲ್ಲದಿದ್ದರೆ ಚಾಟಿಯ ಹಾಗೆ ಹಾರುತ್ತದೆ. ಎಳೆಯುವ ಹೊತ್ತಿಗೆ ಹಗ್ಗ ದಾಟಲು ಬಂದವರಿಗೆ ನಾನು ತರಗತಿಯ ಧ್ವನಿಯಲ್ಲಿ ಬೈಯುತ್ತೇನೆ. ರೈಟರಿಗೂ ಬೈದಿದ್ದೇನೆ.

ಇನ್ನು ದಿನನಿತ್ಯದ ಬಾಳು. ಮಳೆಗಾಲದಲ್ಲಿ ಜೀಪು ಎರಡು ದಿನ ನಿಂತರೆ ಸೀಟ್ ಬೆಲ್ಟಿನ ಮೇಲೆ ಬೂಷ್ಟು ಬರುತ್ತದೆ. ಒಮ್ಮೆ ಇಲಿ ವಾಷರ್ ಪೈಪು ಕಡಿದಿತ್ತು. ಈಗ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಪೊಟ್ಟಣ ಕಟ್ಟಿದ್ದೇನೆ. ಕೆಲಸ ಮಾಡುತ್ತದೋ ಇಲಿಗೆ ನಮ್ಮ ಮೇಲೆ ಬೇಜಾರಾಯಿತೋ, ಮತ್ತೆ ಬಂದಿಲ್ಲ. ನೆಲದಲ್ಲಿ ನೀರು ಹೋಗೋಕೆ ಮುಚ್ಚಳ ಇರುವ ತೂತುಗಳಿವೆ. ಕೊಯ್ಲು ಮುಗಿದ ಮೇಲೆ ಮುಚ್ಚಳ ತೆಗೆದು ಒಳಗೇ ನೀರು ಹೊಯ್ದು ತೊಳೆಯುತ್ತೇವೆ. ಇದು ನನಗೆ ಬಹಳ ಇಷ್ಟವಾದ ವ್ಯವಸ್ಥೆ. ಇಂಬಳ ಕಾರ್ಪೆಟ್ಟಿನ ಕೆಳಗೆ ಸೇರಿದರೆ ಹುಡುಕೋದು ಕಷ್ಟ. ರಬ್ಬರ್ ಮ್ಯಾಟ್ ಇದ್ದರೆ ಎತ್ತಿ ಕೊಡವಬಹುದು. ಹಿಂದಿನ ಸೀಟು ಮಡಚಿದರೆ ಐದು ಚೀಲ ಕಾಫಿ ಹಿಡಿಸುತ್ತದೆ, ಆರನೆಯದನ್ನು ತಮ್ಮನ ಜಾಗದಲ್ಲಿ ಇಡಬಹುದು. ಅವನು ಹಿಂದೆ ಕೂರುವುದು ವರ್ಷಕ್ಕೆ ಎರಡು ಸಲ, ಕೂತಾಗಲೆಲ್ಲ ಮಂಡಿ ಎದೆಗೆ ತಾಗುತ್ತದೆ ಅಂತ ಗೊಣಗುತ್ತಾನೆ. ಐದು ಬಾಗಿಲಿನ ಥಾರ್ ರಾಕ್ಸ್ ತಗೋಬೇಕಿತ್ತು ಅನ್ನುತ್ತಾನೆ. ಅದು ಬಂದಿದ್ದು 2024ರ ಆಗಸ್ಟಿನಲ್ಲಿ, ನಾನು ತೆಗೆದುಕೊಂಡ ಮೇಲೆ. ಬಂದಿದ್ದರೂ ನಮ್ಮ ಏರಿನ ತಿರುವಿನಲ್ಲಿ ಆ ಉದ್ದ ತಿರುಗಿಸೋಕೆ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತಿತ್ತು.

ಷೋರೂಮಿನಲ್ಲಿ ನಾನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಡಿಪಿಎಫ್. 2020ರ ಏಪ್ರಿಲಿನಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂತಲ್ಲ, ಆಮೇಲಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಗಾಡಿಯೇ ಸುಟ್ಟುಕೊಳ್ಳಬೇಕು. ಅಷ್ಟು ಬಿಸಿ ಬರಬೇಕೆಂದರೆ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ತೋಟದೊಳಗೆ ಒಂದನೇ ಗೇರಿನಲ್ಲಿ ತೆವಳುವ ಜೀಪಿಗೆ ಅದು ಎಲ್ಲಿ ಸಿಗುತ್ತದೆ? ಕೊಯ್ಲಿನ ಒಂದು ವಾರ ನಾನು ಕಣ, ತೋಟ, ಕಣ ಅಂತ ಓಡಾಡಿದ್ದೇ ಓಡಾಡಿದ್ದು. ಎಚ್ಚರಿಕೆಯ ದೀಪ ಹತ್ತಿತು. ಅಪ್ಪನ ಜೀಪು ಕಪ್ಪು ಹೊಗೆಯನ್ನು ಊರಿಗೆಲ್ಲ ಹಂಚಿ ಹಗುರಾಗುತ್ತಿತ್ತು. ಇದು ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಮೆಕ್ಯಾನಿಕ್ ಅಣ್ಣ ಹೇಳಿದ್ದು, "ವಾರಕ್ಕೊಂದು ಸಲ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ ಅಕ್ಕಾ. ಮಧ್ಯೆ ಆಫ್ ಮಾಡಬೇಡಿ."

ಹಾಗಾಗಿ ಭಾನುವಾರ ಬೆಳಿಗ್ಗೆ ಜೀಪಿಗೆ ವಾಕಿಂಗ್. ಎನ್‌ಎಚ್ 73 ಹಿಡಿದು ಒಂದು ವಾರ ಬೇಲೂರು ಕಡೆ, ಇನ್ನೊಂದು ವಾರ ಕೊಟ್ಟಿಗೆಹಾರದ ಕಡೆ. ಮೊದಮೊದಲು ಒಬ್ಬಳೇ ಹೋಗುತ್ತಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದಿದ್ದು ಅಮ್ಮನಿಗೆ ಗೊತ್ತಾಯಿತು. ಆಮೇಲೆ ಒಬ್ಬಳೇ ಹೋಗಿಲ್ಲ.

ಹೋದ ಭಾನುವಾರ ಎಂಟು ಗಂಟೆಗೆ ನಾನಿನ್ನೂ ಕಾಫಿ ಕುಡಿಯುತ್ತಿದ್ದೆ. ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿ, ಮಣೆಯ ಹಗ್ಗ ಕೈಗೆ ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಜೀಪಿಗೆ ಹೊಗೆ ಕಟ್ಟಿದೆಯಂತಲ್ಲ, ಹೊರಡೋದಿಲ್ವಾ?"

"ದೀಪ ಇನ್ನೂ ಹತ್ತಿಲ್ಲ ಅಮ್ಮ."

"ಹತ್ತೋವರೆಗೂ ಯಾಕೆ ಕಾಯ್ಬೇಕು? ಇವತ್ತು ಘಾಟಿ ಇಳಿದು ಧರ್ಮಸ್ಥಳಕ್ಕೇ ಹೋಗಿಬಿಡೋಣ. ಚೆನ್ನಾಗಿ ಸುಡುತ್ತೆ."

ಮಣೆ ಇಟ್ಟು, ಹತ್ತಿ, ಹಗ್ಗ ಎಳೆದುಕೊಂಡು ಬಾಗಿಲು ಹಾಕಿದರು.